ಹಾರ್ಡ್ ಚಕ್ ಜಾ ಥ್ರೆಡ್ ಕೆಟ್ಟಾಗ ನಾನು ಮಾಡಿದ್ದು

ಪೀಣ್ಯದ ನಮ್ಮ ಶೆಡ್‌ನ ಲೇತ್‌ನಲ್ಲಿ 250 ಎಂಎಂ ಮೂರು ಜಾ ಚಕ್ ಇದೆ, ಅಂದರೆ ಜಾಬ್ ಹಿಡಿಯೋ ಮೂರು ಹಲ್ಲಿನ ಹಿಡಿ. ಮೇಲಿನ ಜಾ ಬೇರೆ, ಕೆಳಗಿನ ಬೇಸ್ ಜಾ ಬೇರೆ, ನಡುವೆ ಎಂ12 ಅಲನ್ ಬೋಲ್ಟ್. ಸಾಫ್ಟ್ ಜಾ (ಹಾರ್ಡನ್ ಮಾಡದ ಮೇಲಿನ ಜಾ) ಬದಲಾಯಿಸುವಾಗ ಬೋಲ್ಟ್ ಓರೆಯಾಗಿ ಕೂತಿದ್ದು ಯಾರೂ ನೋಡಲಿಲ್ಲ, ಅಲನ್ ಕೀಗೆ ಪೈಪ್ ಹಾಕಿ ಬಿಗಿದುಬಿಟ್ಟರು. ಬೇಸ್ ಜಾ ತೂತಿನ ಮೊದಲ ಎರಡು ಸುತ್ತು ಥ್ರೆಡ್ ಮಡಚಿಕೊಂಡಿತು.

ನಾನು ಮೊದಲು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕತ್ತರಿಸೋ ಟೂಲ್ ತಗೊಂಡೆ. ಕಾಲು ಸುತ್ತಿಗೇ ಕಿರ್ರ್ ಅಂತು. ತೆಗೆದು ನೋಡಿದರೆ ಟ್ಯಾಪಿನ ಮುಂದಿನ ಹಲ್ಲುಗಳ ಅಂಚು ಸವೆದು ಹೊಳೀತಿತ್ತು, ಜಾ ಹಾಗೇ ಇತ್ತು. ಹಳೇ ಫೈಲ್‌ನ ಮೂಲೆ ಎಳೆದು ನೋಡಿದೆ, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಇದನ್ನ ಮೊದಲೇ ಮಾಡಬೇಕಿತ್ತು, ಅಲ್ವಾ? ಫೈಲ್ ಜಾರಿದರೆ ಜಾ ಹಾರ್ಡನ್ ಮಾಡಿದ್ದು ಅಂತ ಅರ್ಥ, ಟ್ಯಾಪ್ ಮುಟ್ಟಬೇಡಿ, ಒಳಗೆ ಮುರಿದರೆ ಅದನ್ನ ತೆಗೆಯೋಕೆ ಸ್ಪಾರ್ಕ್ ಮಷಿನ್‌ಗೇ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯೋ ಮಷಿನ್) ಹೋಗಬೇಕು. ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಮೆತ್ತಗೆ ಮಾಡೋದೂ ಬೇಡ, ಜಾ ಹಿಂಭಾಗದಲ್ಲಿ ಸ್ಕ್ರೋಲ್‌ಗೆ (ಜಾಗಳನ್ನು ಒಳಗೆ ಹೊರಗೆ ಸರಿಸೋ ಸುರುಳಿ ತಟ್ಟೆ) ಕೂರೋ ಹಲ್ಲುಗಳ ಗಟ್ಟಿತನ ಹೋಗುತ್ತೆ.

ಜಾವನ್ನು ಚಕ್‌ನಿಂದ ಹೊರಗೆ ತೆಗೆದೆ. 3 ಎಂಎಂ ಶ್ಯಾಂಕ್‌ನ ಮೊನಚಾದ ಡೈಮಂಡ್ ಬರ್ (ವಜ್ರದ ಪುಡಿ ಕೂರಿಸಿದ ಚಿಕ್ಕ ಉಜ್ಜೋ ಟೂಲ್) ಅನ್ನು ಕೈ ಗ್ರೈಂಡರ್‌ಗೆ ಹಾಕಿ, ಮಡಚಿಕೊಂಡ ತುಟಿಯನ್ನಷ್ಟೇ ಸ್ವಲ್ಪ ಸ್ವಲ್ಪ ತೆಗೆದೆ. ಥ್ರೆಡ್ ಆಕಾರ ಬರಿಸೋಕೆ ಹೋಗಬಾರದು, ದಾರಿ ಬಿಡಿಸಿದರೆ ಸಾಕು. ಆಗಾಗ ಸ್ಕ್ರೈಬರ್ (ಗೆರೆ ಎಳೆಯೋ ಚೂಪು ಸೂಜಿ) ತುದಿಯನ್ನು ಥ್ರೆಡ್‌ನ ತೋಡಿನಲ್ಲಿ ಎಳೆದು ನೋಡ್ತಿದ್ದೆ, ಎಲ್ಲಿ ತಡೆಯುತ್ತೋ ಅಲ್ಲಿ ಮತ್ತೆ ಬರ್. ಇದಕ್ಕೇ ಅರ್ಧ ಗಂಟೆ ಹಿಡೀತು.

ಆಮೇಲೆ ಎಂಎಸ್ (ಮೆತ್ತಗಿನ ಉಕ್ಕು) ರಾಡ್‌ನಲ್ಲಿ ಎಂ12, 1.75 ಎಂಎಂ ಪಿಚ್‌ನ ಸ್ಟಡ್ (ತಲೆ ಇಲ್ಲದ ಥ್ರೆಡ್ ರಾಡ್) ಕತ್ತರಿಸಿದೆ. ಬೋಲ್ಟ್‌ಗಿಂತ ಒಂದು ಚೂರು ಸಡಿಲ, ಪೇಸ್ಟ್‌ಗೆ ಜಾಗ ಬೇಕಲ್ಲ. ಉದ್ದಕ್ಕೂ ಹ್ಯಾಕ್ಸಾದಿಂದ ಒಂದು ಗೀರು. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಒಳಗೆ ಹೊರಗೆ ತಿರುಗಿಸಿದೆ. ಸ್ಟಡ್ ಮೆತ್ತಗೇ ಇರಬೇಕು, ಆಗ ಪೇಸ್ಟಿನ ಕಾಳು ಅದರಲ್ಲಿ ಕಚ್ಚಿಕೊಂಡು ಜಾವನ್ನು ಉಜ್ಜುತ್ತೆ. ಎಲ್ಲಿ ಬಿಗಿ ಅನ್ನೋದು ಕೈಗೇ ಗೊತ್ತಾಗುತ್ತೆ, ಅಲ್ಲಿ ಮಾತ್ರ ಜಾಸ್ತಿ ಆಡಿಸಿ, ಉಳಿದ ಒಳ್ಳೇ ಥ್ರೆಡ್‌ನ ಸುಮ್ನೆ ಸವೆಸಬೇಡಿ.

ಕೊನೆಗೆ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆದು, ಮತ್ತೆ ತೊಳೆದೆ. ಬಿಳಿ ಬಟ್ಟೆ ಕಪ್ಪಾಗದೆ ಬರೋವರೆಗೂ ಬಿಡಲಿಲ್ಲ, ಒಂದು ಕಾಳು ಸ್ಕ್ರೋಲ್‌ಗೆ ಇಳಿದರೂ ಚಕ್ ತಿನ್ನುತ್ತೆ. ಹೊಸ ಬೋಲ್ಟ್ ಎರಡು ಬೆರಳಲ್ಲಿ ಪೂರ್ತಿ ಇಳೀತು. ಮೇಲಿನ ಒಂದೂವರೆ ಸುತ್ತು ಥ್ರೆಡ್ ಹಿಡಿಯೋ ಹಾಗಿಲ್ಲ, ಅದಕ್ಕೆ ಮೊದಲಿಗಿಂತ 5 ಎಂಎಂ ಹೆಚ್ಚು ಉದ್ದದ ಬೋಲ್ಟ್ ಹಾಕಿದೆ, ತಳ ಮುಟ್ಟಲ್ಲ ಅಂತ ಡೆಪ್ತ್ ಅಳೆದ ಮೇಲೆ.