ಒಂದು ರೇಖೆಗೆ ಲಂಬವಾದ ರೇಖೆಯ ಸಮೀಕರಣ ಬರೆಯುವುದು ಹೇಗೆ?

ತೋಟದ ಅಂಚಿನಲ್ಲಿ ನಾಲೆಯೊಂದು ನೇರವಾಗಿ ಹರಿಯುತ್ತಿದೆ, ತೋಟದೊಳಗೆ ಒಂದು ನೀರಿನ ತೊಟ್ಟಿಯಿದೆ ಎಂದುಕೊಳ್ಳಿ. ಆದಷ್ಟು ಕಡಿಮೆ ಪೈಪಿನಲ್ಲಿ ನಾಲೆಯ ನೀರನ್ನು ತೊಟ್ಟಿಗೆ ತರಬೇಕಾದರೆ ಪೈಪನ್ನು ನಾಲೆಗೆ ಲಂಬವಾಗಿಯೇ ಎಳೆಯಬೇಕು, ಏಕೆಂದರೆ ಒಂದು ಬಿಂದುವಿನಿಂದ ಒಂದು ರೇಖೆಗಿರುವ ಅತಿ ಕಡಿಮೆ ದೂರವೆಂದರೆ ಲಂಬದೂರವೇ. ಈ ತೋಟವನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿದರೆ ಪ್ರಥಮ ಪಿಯುಸಿ ಗಣಿತದ ಸರಳ ರೇಖೆಗಳ ಪಾಠದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಸಿಗುತ್ತದೆ: ಕೊಟ್ಟ ಬಿಂದುವಿನ ಮೂಲಕ ಹಾದುಹೋಗುವ, ಕೊಟ್ಟ ರೇಖೆಗೆ ಲಂಬವಾಗಿರುವ ರೇಖೆಯ ಸಮೀಕರಣವೇನು?

ನಮ್ಮ ನಾಲೆಯ ಸಮೀಕರಣ 3ಎಕ್ಸ್ + 4ವೈ = 24 ಆಗಿರಲಿ, ತೊಟ್ಟಿ (7, 7) ಬಿಂದುವಿನಲ್ಲಿರಲಿ, ಹಾಳೆಯ ಒಂದು ಮಾನ ನೆಲದ ಮೇಲೆ 10 ಮೀಟರಿಗೆ ಸಮನಾಗಿರಲಿ.

ಮೊದಲ ಹಂತದಲ್ಲಿ ಕೊಟ್ಟ ರೇಖೆಯ ಇಳಿಜಾರನ್ನು ಕಂಡುಕೊಳ್ಳಬೇಕು. ಸಮೀಕರಣದಲ್ಲಿ ವೈ ಒಂದನ್ನೇ ಎಡಬದಿಯಲ್ಲಿ ಉಳಿಸಿಕೊಂಡರೆ 4ವೈ = −3ಎಕ್ಸ್ + 24, ಅಂದರೆ ವೈ = −(3/4)ಎಕ್ಸ್ + 6 ಎಂದಾಗುತ್ತದೆ. ಇಲ್ಲಿ ಎಕ್ಸ್‌ನ ಸಹಗುಣಕವಾದ −3/4 ಎಂಬುದೇ ಇಳಿಜಾರು. ವೈಯನ್ನು ಬೇರ್ಪಡಿಸುವ ಮೊದಲೇ ಎಕ್ಸ್‌ನ ಮುಂದಿರುವ 3ನ್ನು ನೋಡಿ ಅದನ್ನೇ ಇಳಿಜಾರು ಎಂದು ಬರೆದುಬಿಡುವುದುಂಟು. ಆ ಒಂದು ಸಾಲು ತಪ್ಪಿದರೆ ಮುಂದಿನದೆಲ್ಲವೂ ತಪ್ಪುತ್ತದೆ.

ಎರಡನೆಯ ಹಂತ ಲಂಬರೇಖೆಯ ಇಳಿಜಾರನ್ನು ಪಡೆಯುವುದು. ‘ಭಿನ್ನರಾಶಿಯನ್ನು ತಲೆಕೆಳಗು ಮಾಡಿ, ಚಿಹ್ನೆ ಬದಲಿಸಿ’ ಎಂಬ ಸೂತ್ರವನ್ನು ಹೆಚ್ಚಿನವರು ಬಾಯಿಪಾಠ ಮಾಡಿರುತ್ತಾರೆ. ಆದರೆ ಅದು ಏಕೆ ಹಾಗೆ ಎಂಬುದನ್ನು ಒಮ್ಮೆ ಕೈಯಾರೆ ಮಾಡಿ ನೋಡದಿದ್ದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಎರಡರಲ್ಲೊಂದು ಮರೆತುಹೋಗುತ್ತದೆ. ಗ್ರಾಫ್ ಹಾಳೆಯಲ್ಲಿ ನಮ್ಮ ರೇಖೆಯ ಮೇಲಿನ ಯಾವುದಾದರೂ ಒಂದು ಬಿಂದುವಿನಿಂದ ಬಲಕ್ಕೆ 4 ಚೌಕ, ಅಲ್ಲಿಂದ ಕೆಳಕ್ಕೆ 3 ಚೌಕ ಸಾಗಿ. ಮತ್ತೆ ರೇಖೆಯನ್ನೇ ತಲುಪುತ್ತೀರಿ. ಈಗ ಹಾಳೆಯನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಬಲಕ್ಕೆ ಹೋಗಿದ್ದ 4 ಚೌಕಗಳು ಮೇಲಕ್ಕೆ ಹೋಗುತ್ತವೆ, ಕೆಳಕ್ಕೆ ಇಳಿದಿದ್ದ 3 ಚೌಕಗಳು ಬಲಕ್ಕೆ ಚಾಚಿಕೊಳ್ಳುತ್ತವೆ. ಹೀಗೆ 3 ಚೌಕ ಬಲಕ್ಕೆ ಸರಿದಾಗ 4 ಚೌಕ ಏರುವ ಹೊಸ ರೇಖೆಯ ಇಳಿಜಾರು 4/3. ಅಡ್ಡ ಮತ್ತು ಲಂಬ ಅಳತೆಗಳು ಸ್ಥಾನ ಬದಲಿಸಿದ್ದರಿಂದ ಭಿನ್ನರಾಶಿ ತಲೆಕೆಳಗಾಯಿತು, ಇಳಿಯುತ್ತಿದ್ದ ರೇಖೆ ಏರತೊಡಗಿದ್ದರಿಂದ ಚಿಹ್ನೆ ಬದಲಾಯಿತು. −3/4 ಮತ್ತು 4/3ನ್ನು ಗುಣಿಸಿದರೆ −1 ಬರುತ್ತದೆ. ಎರಡು ಇಳಿಜಾರುಗಳ ಗುಣಲಬ್ಧ −1 ಆಗಿದ್ದರೆ ಆ ರೇಖೆಗಳು ಪರಸ್ಪರ ಲಂಬವಾಗಿರುತ್ತವೆ ಎಂಬ ನಿಯಮದ ಹಿಂದಿರುವುದು ಈ ಕಾಲು ಸುತ್ತೇ.

ಮೂರನೆಯ ಹಂತದಲ್ಲಿ ಬಿಂದುವನ್ನು ಸೇರಿಸಿಕೊಳ್ಳಬೇಕು. ಇಳಿಜಾರು 4/3 ಇರುವ ರೇಖೆ (7, 7)ರ ಮೂಲಕ ಹಾದುಹೋಗುವುದರಿಂದ ವೈ − 7 = (4/3)(ಎಕ್ಸ್ − 7). ಎರಡೂ ಬದಿಗಳನ್ನು 3ರಿಂದ ಗುಣಿಸಿದರೆ 3ವೈ − 21 = 4ಎಕ್ಸ್ − 28, ಅದನ್ನು ಸರಿಪಡಿಸಿ ಬರೆದರೆ 4ಎಕ್ಸ್ − 3ವೈ = 7. ಇದೇ ಪೈಪಿನ ಸಮೀಕರಣ.

ಈಗ ಎರಡು ಸಮೀಕರಣಗಳನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಮೊದಲನೆಯದರಲ್ಲಿ ಸಹಗುಣಕಗಳು 3 ಮತ್ತು 4, ಎರಡನೆಯದರಲ್ಲಿ 4 ಮತ್ತು −3. ಅಂದರೆ ಸಹಗುಣಕಗಳನ್ನು ಅದಲುಬದಲು ಮಾಡಿ ಒಂದರ ಚಿಹ್ನೆಯನ್ನು ಬದಲಿಸಿದರೆ ಲಂಬರೇಖೆಯ ಎಡಬದಿ ಸಿದ್ಧವಾಗುತ್ತದೆ; ಬಲಬದಿಯ ಸ್ಥಿರಾಂಕಕ್ಕೆ ಬಿಂದುವಿನ ನಿರ್ದೇಶಾಂಕಗಳನ್ನು ಅದೇ ಎಡಬದಿಯಲ್ಲಿ ಆದೇಶಿಸಿದರಾಯಿತು: 4 × 7 − 3 × 7 = 7. ಹಳೆಯ ರೇಖೆಯ 24ನ್ನು ಹಾಗೆಯೇ ಹೊಸ ರೇಖೆಗೆ ಹೊತ್ತು ತರಬಾರದು, ಅದಕ್ಕೂ ತೊಟ್ಟಿಗೂ ಸಂಬಂಧವಿಲ್ಲ. ಭಿನ್ನರಾಶಿಯ ಗೋಜೇ ಇಲ್ಲದ ಈ ದಾರಿಯೇ ನನಗೆ ಹೆಚ್ಚು ಇಷ್ಟ, ಆದರೆ ಕಾಲು ಸುತ್ತು ಅರ್ಥವಾದ ಮೇಲೆ ಇದನ್ನು ಹಿಡಿಯುವುದು ಒಳ್ಳೆಯದು.

ಪೈಪು ನಾಲೆಯನ್ನು ಎಲ್ಲಿ ಮುಟ್ಟುತ್ತದೆ ಎಂಬುದೂ ತಿಳಿಯಬೇಕಲ್ಲವೇ? ಅದಕ್ಕೆ ಹತ್ತನೆಯ ತರಗತಿಯಲ್ಲಿ ಕಲಿತ ವರ್ಜಿಸುವ ವಿಧಾನ ಸಾಕು. ನಾಲೆಯ ಸಮೀಕರಣವನ್ನು 3ರಿಂದ, ಪೈಪಿನ ಸಮೀಕರಣವನ್ನು 4ರಿಂದ ಗುಣಿಸಿದರೆ 9ಎಕ್ಸ್ + 12ವೈ = 72 ಮತ್ತು 16ಎಕ್ಸ್ − 12ವೈ = 28; ಎರಡನ್ನೂ ಕೂಡಿಸಿದಾಗ 25ಎಕ್ಸ್ = 100, ಆದ್ದರಿಂದ ಎಕ್ಸ್ = 4, ವೈ = 3. ಲಂಬಪಾದ (4, 3)ರಿಂದ ತೊಟ್ಟಿ (7, 7)ಕ್ಕೆ ಅಡ್ಡಲಾಗಿ 3 ಮಾನ, ಮೇಲಕ್ಕೆ 4 ಮಾನ, ಪೈಥಾಗೊರಸ್ ಪ್ರಮೇಯದ ಪ್ರಕಾರ ನೇರ ದೂರ 5 ಮಾನ. ಹಾಗಾಗಿ 50 ಮೀಟರ್ ಪೈಪು ಬೇಕು. ಮನೆಯ ಪಾಯ ಗುರುತಿಸುವಾಗ ಮೂಲೆ ಸರಿಯಾಗಿದೆಯೇ ಎಂದು ನೋಡಲು ಗಾರೆ ಕೆಲಸದವರು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು, ತುದಿಯಿಂದ ತುದಿಗೆ 5 ಅಡಿ ಬರುವಂತೆ ದಾರ ಹಿಡಿಯುವುದೂ ಇದೇ ಅಂಕಿಗಳಿಂದ.

ಇಳಿಜಾರಿನ ನಿಯಮ ಕೈಕೊಡುವ ಒಂದು ಸಂದರ್ಭವಿದೆ. ವೈ = 5 ಎಂಬ ಅಡ್ಡರೇಖೆಯ ಇಳಿಜಾರು 0; ಅದನ್ನು ತಲೆಕೆಳಗು ಮಾಡಿದರೆ ಛೇದದಲ್ಲಿ ಸೊನ್ನೆ ಬಂದು ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಅಡ್ಡರೇಖೆಗೆ ಲಂಬವಾದುದು ನೆಟ್ಟನೆಯ ರೇಖೆಯಾದ್ದರಿಂದ, ಅದು (2, 9)ರ ಮೂಲಕ ಹಾದುಹೋಗಬೇಕಿದ್ದರೆ ಸಮೀಕರಣವನ್ನು ಎಕ್ಸ್ = 2 ಎಂದು ನೇರವಾಗಿ ಬರೆಯಬಹುದು. ಸಹಗುಣಕಗಳನ್ನು ಅದಲುಬದಲು ಮಾಡುವ ದಾರಿಗೆ ಈ ತೊಡಕೂ ಇಲ್ಲ.

ವೃತ್ತದ ಸ್ಪರ್ಶಕಕ್ಕೂ ಇದೇ ಕ್ರಮ ಸಾಕು, ಏಕೆಂದರೆ ಸ್ಪರ್ಶಬಿಂದುವಿನಲ್ಲಿ ಸ್ಪರ್ಶಕವು ತ್ರಿಜ್ಯಕ್ಕೆ ಲಂಬವಾಗಿರುತ್ತದೆ. ಮೂಲಬಿಂದುವೇ ಕೇಂದ್ರವಾಗಿರುವ, 5 ಮಾನ ತ್ರಿಜ್ಯದ ವೃತ್ತದ ಮೇಲಿನ (3, 4)ರಲ್ಲಿ ತ್ರಿಜ್ಯದ ಇಳಿಜಾರು 4/3, ಸ್ಪರ್ಶಕದ ಇಳಿಜಾರು −3/4, ಸಮೀಕರಣ 3ಎಕ್ಸ್ + 4ವೈ = 25. ಯಾವುದೇ ವಕ್ರರೇಖೆಗೆ ಹೀಗೆ ಲಂಬವನ್ನು ಎಳೆಯುವುದನ್ನು, ತಾನು ಬಲ್ಲ ರೇಖಾಗಣಿತದ ಸಮಸ್ಯೆಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದುದು ಎಂದು ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲೇ ಬರೆದಿದ್ದ.

ಉತ್ತರ ಬಂದ ಮೇಲೆ ಎರಡು ಪರೀಕ್ಷೆ ಮಾಡಿಕೊಳ್ಳಿ: ಬಿಂದು ಹೊಸ ಸಮೀಕರಣಕ್ಕೆ ಹೊಂದುತ್ತದೆಯೇ, ಮತ್ತು ಎರಡೂ ರೇಖೆಗಳ ಎಕ್ಸ್ ಸಹಗುಣಕಗಳ ಗುಣಲಬ್ಧಕ್ಕೆ ವೈ ಸಹಗುಣಕಗಳ ಗುಣಲಬ್ಧವನ್ನು ಕೂಡಿಸಿದರೆ ಸೊನ್ನೆ ಬರುತ್ತದೆಯೇ. ನಮ್ಮಲ್ಲಿ 12 − 12 = 0, ಸರಿಯಾಗಿದೆ. ಇಷ್ಟಾದರೂ ನಕ್ಷೆ ಬಿಡಿಸಿ ಮೂಲೆಮಟ್ಟ ಇಟ್ಟಾಗ ಕೋನ ಓರೆಯಾಗಿ ಕಂಡರೆ ಲೆಕ್ಕವನ್ನು ಹೊಡೆದುಹಾಕಬೇಡಿ. ಎಕ್ಸ್ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ 1 ಮಾನ, ವೈ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ 2 ಮಾನ ಎಂದು ಪ್ರಮಾಣ ಇಟ್ಟುಕೊಂಡಿದ್ದರೆ ಲಂಬ ರೇಖೆಗಳೂ ಹಾಳೆಯ ಮೇಲೆ ಲಂಬವಾಗಿ ಕಾಣುವುದಿಲ್ಲ. ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಕೊಟ್ಟು ಮತ್ತೊಮ್ಮೆ ಬಿಡಿಸಿದರೆ ಮೂಲೆಮಟ್ಟ ಕರಾರುವಾಕ್ಕಾಗಿ ಕೂರುತ್ತದೆ.