ಕ್ಯಾಂಡಿಡೇಟ್ ಹಿನ್ನೆಲೆ ನೋಡಿ ಗೆಲುವು ಅಂದಾಜು ಮಾಡುವುದು ಹೇಗೆ?

ನಾನು ಬೆಂಗಳೂರಿನ ಜಯನಗರದಲ್ಲಿ ಐಟಿ ರಿಟರ್ನ್ ತುಂಬಿಕೊಡುವವಳು. ವಿಧಾನಸಭೆ ಚುನಾವಣೆ ಬಂತೆಂದರೆ ಲೆಕ್ಕಪತ್ರ ತಂದವರೆಲ್ಲ ಕೇಳುವುದು ಒಂದೇ: 'ಮೇಡಂ, ಈ ಸಲ ಯಾರು ಗೆಲ್ತಾರೆ?' ನಾನು ನೋಡುವ ರೀತಿ ಹೇಳುತ್ತೇನೆ.

ಮೊದಲು ಕ್ಷೇತ್ರ. ಪುಲಕೇಶಿನಗರ, ಸಿ.ವಿ. ರಾಮನ್ ನಗರ, ಮಹದೇವಪುರ, ಆನೇಕಲ್ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಕಣದಲ್ಲಿರುವವರೆಲ್ಲ ಪರಿಶಿಷ್ಟ ಜಾತಿಯವರೇ. ಹಾಗಾಗಿ ಉಳಿದ ಸಮುದಾಯಗಳು ಯಾರ ಕಡೆ ವಾಲುತ್ತವೆ ಅನ್ನುವುದೇ ಜಾಸ್ತಿ ಮುಖ್ಯ.

ಆಮೇಲೆ ಮನೆತನ. ಅಪ್ಪನ ಹೆಸರು ಟಿಕೆಟ್ ಕೊಡಿಸುತ್ತದೆ, ಅಷ್ಟಕ್ಕೇ ಗೆದ್ದರು ಅನ್ನಬೇಡಿ. 2023ರಲ್ಲಿ ಗಾಂಧಿನಗರದಲ್ಲಿ ಮಾಜಿ ಮುಖ್ಯಮಂತ್ರಿ ಗುಂಡೂರಾವ್ ಅವರ ಮಗ ದಿನೇಶ್ ಗೆದ್ದಿದ್ದು ಬರೀ 105 ಮತದಿಂದ. ನಮ್ಮ ಜಯನಗರದಲ್ಲಿ ಸೌಮ್ಯಾ ರೆಡ್ಡಿ ಸೋತಿದ್ದು 16 ಮತದಿಂದ! ಪಕ್ಕದ ಬಿಟಿಎಂ ಲೇಔಟ್‌ನಲ್ಲಿ ಅಪ್ಪ ರಾಮಲಿಂಗಾ ರೆಡ್ಡಿ ಗೆದ್ದಿದ್ದರು. ಹದಿನಾರು ಮತ ಅಂದರೆ ಮದುವೆ ಮನೆಯ ಒಂದು ಪಂಕ್ತಿಯೂ ಅಲ್ಲ.

ಇನ್ನು ಫಾರಂ 26, ಅಂದರೆ ನಾಮಪತ್ರದ ಜೊತೆಗಿನ ಅಫಿಡವಿಟ್. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಎಲ್ಲರೂ ಒಟ್ಟು ಆಸ್ತಿ ನೋಡಿ ಬಾಯಿ ಬಿಡುತ್ತಾರೆ. ನಾನು ಸ್ಥಿರಾಸ್ತಿ ಕಾಲಂ ಬಿಡಿಸಿ ನೋಡುತ್ತೇನೆ: ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನ ಯಾವುದು, ಆಗಿನ ಬೆಲೆ ಎಷ್ಟು, ಈಗಿನದೆಷ್ಟು. ಮೂವತ್ತು ವರ್ಷದ ಹಿಂದೆ ಇಲ್ಲಿ ಸೈಟ್ ಕೊಂಡವರು ಸುಮ್ನೆ ಕೂತರೂ ಕಾಗದದಲ್ಲಿ ಕೋಟ್ಯಧಿಪತಿ. ಅವರ ಹತ್ತಿರ ಚುನಾವಣೆಗೆ ಚೆಲ್ಲುವ ದುಡ್ಡು ಇರಬೇಕೆಂದೇನಿಲ್ಲ. ಕೈಯಲ್ಲಿರುವ ನಗದು, ಠೇವಣಿ, ಸಾಲ, ಐದು ವರ್ಷದ ರಿಟರ್ನ್‌ನ ಆದಾಯ ಪಕ್ಕಪಕ್ಕ ಇಟ್ಟರೆ ಜೇಬಿನ ತಾಕತ್ತು ಗೊತ್ತಾಗುತ್ತದೆ. ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಇದೆ ನಿಜ. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ, ಅಲ್ವಾ?

ಓದು? ಕಾಲೇಜು ಮೆಟ್ಟಿಲು ಹತ್ತದವರೂ ಗೆಲ್ಲುತ್ತಾರೆ, ಅದಕ್ಕೆ ಜಾಸ್ತಿ ಅಂಕ ಕೊಡಬೇಡಿ.

ವಾರ್ಡ್ ಸಂಪರ್ಕಕ್ಕೆ ಮಾತ್ರ ಕೊಡಿ. ಪಾಲಿಕೆ ಸದಸ್ಯರಾಗಿದ್ದವರಿಗೆ ಚರಂಡಿ, ಖಾತಾ ಕೆಲಸದಿಂದ ಮನೆಮನೆ ಪರಿಚಯ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದಿದ್ದು 2015ರಲ್ಲಿ, ಆ ಸದಸ್ಯರ ಅವಧಿ 2020ಕ್ಕೆ ಮುಗಿಯಿತು. ಆಮೇಲೂ ಜನರ ಫೋನ್ ಎತ್ತುತ್ತಿದ್ದವರು ಯಾರೆಂದು ಬೀದಿ ಅಂಗಡಿಯವರನ್ನು ಕೇಳಿ.

ಕೊನೆಗೆ ಕೇಸುಗಳು. ಕೇಸ್ ಇದ್ದವರು ಸೋಲುತ್ತಾರೆ ಅಂದುಕೊಳ್ಳಬೇಡಿ. ಪ್ರತಿಭಟನೆಯ ಕೇಸೋ, ವಂಚನೆಯದೋ ಸೆಕ್ಷನ್ ನೋಡಿ. ಕೇಸ್ ಇರುವವರಿಗೆ ಟಿಕೆಟ್ ಯಾಕೆ ಕೊಟ್ಟೆವೆಂದು ಪಕ್ಷಗಳು ಪ್ರಕಟಿಸಬೇಕು, 'ಗೆಲ್ಲುತ್ತಾರೆ' ಎಂಬುದೊಂದೇ ಕಾರಣವಾಗಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಪಕ್ಷ ಬರೆದ ಆ ಕಾರಣವನ್ನೂ ಓದಿ, ಒಳ್ಳೆ ತಮಾಷೆ ಇರುತ್ತದೆ.