ಸೂಜಿ ಟೆಸ್ಟ್‌ನಾಗ ಕ್ಯಾನ್ಸರ್ ಇಲ್ಲ ಅಂತ ಬಂದ್ರ, ಎದಿ ಗಂಟು ತೆಗೀಬೇಕೋ ಬ್ಯಾಡೋ

ವಿಜಯಪುರದಾಗ ಸರ್ಜನ್ ಇದ್ದೀನಿ. ಎದಿಯಾಗ ಗಂಟು ಅಂತ ಬರೋ ಹೆಣ್ಮಕ್ಕಳು ಬಯಾಪ್ಸಿ ರಿಪೋರ್ಟ್ ಕೈಯಾಗ ಹಿಡ್ಕೊಂಡು ಕೇಳೂದು ಎರಡ ಮಾತು, ಒಂದು "ಕ್ಯಾನ್ಸರ್ ಇಲ್ಲಂತ ಬರದಾರಲ್ರಿ, ಮತ್ಯಾಕ ಆಪರೇಷನ್?", ಇನ್ನೊಂದು "ಏನರೆ ಇರ್ಲಿ, ತಗದ ಬಿಡ್ರಿ".

ನಾ ರಿಪೋರ್ಟ್ ಒಂದನ್ನ ನೋಡಿ ಯಾವತ್ತೂ ಹೇಳೂದಿಲ್ಲ. ಕೈಗೆ ಗಂಟು ಹ್ಯಾಂಗ ಹತ್ತತದ, ಸ್ಕ್ಯಾನಿಂಗ್ ಇಲ್ಲಾ ಮ್ಯಾಮೊಗ್ರಾಮ್‌ನಾಗ ಹ್ಯಾಂಗ ಕಾಣ್ತದ, ಸೂಜಿ ತುಂಡಿನಾಗ ಏನ್ ಬಂತು, ಈ ಮೂರೂ ಒಂದಕ್ಕೊಂದು ತಾಳೆ ಆಗಬೇಕು. ಆಗಲಿಲ್ಲ ಅಂದ್ರ ರಿಪೋರ್ಟ್ ಎಷ್ಟ ಚೊಲೋ ಇದ್ರೂ ನಂಬೂದಿಲ್ಲ.

ಸಿಂದಗಿ ಕಡಿಯಿಂದ ನಲವತ್ತು ದಾಟಿದ ಒಬ್ಬ ಅಕ್ಕಾರು ಬಂದಿದ್ರು. ಗಂಟು ಕಲ್ಲಿನಂಗ ಗಟ್ಟಿ, ಸ್ಕ್ಯಾನ್‌ನಾಗ ಅಂಚು ಹರಕು ಹರಕು, ಆದ್ರ ಬ್ಯಾರೆ ಕಡೆ ಮಾಡಿಸಿದ ಬಯಾಪ್ಸಿಯೊಳಗ ಬರೇ ಕೊಬ್ಬು, ಕ್ಯಾನ್ಸರ್ ಇಲ್ಲ ಅಂತಿತ್ತು. ಸೂಜಿ ಗಂಟಿಗೆ ಹತ್ತಿಲ್ಲ ಅಂತ ಅನಿಸ್ತು. ಸ್ಕ್ಯಾನ್ ನೋಡ್ಕೊಂತ 14 ಗೇಜ್ ದಪ್ಪ ಸೂಜಿಲೆ ಮತ್ತ ತುಂಡು ತಗದ್ವಿ, ಫಾರ್ಮಲಿನ್ ಡಬ್ಬಿಯೊಳಗ ಬಿಟ್ಟ ಕೂಡ್ಲೆ ಬೆಳ್ಳಗ ತಳಕ್ಕ ಮುಳುಗಿದ್ವು, ಬರೇ ಕೊಬ್ಬು ಇದ್ರ ಮ್ಯಾಲ ತೇಲ್ತಿತ್ತು. ರಿಪೋರ್ಟ್ ಕ್ಯಾನ್ಸರ್ ಅಂತ ಬಂತು. ಮೊದ್ಲಿನ ಕಾಗದ ನಂಬಿ ಮನಿಗೆ ಕಳಿಸಿದ್ರ ಏನಾಗ್ತಿತ್ತು ಅಂತ ಇವತ್ತಿಗೂ ಎದಿ ಝಲ್ ಅಂತದ.

ಪ್ಯಾಥಾಲಜಿ ಡಾಕ್ಟರು ಏಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ (ಕ್ಯಾನ್ಸರ್ ಅಲ್ಲ, ಆದ್ರ ಹಾಲಿನ ನಾಳದೊಳಗಿನ ಜೀವಕೋಶ ವಿಚಿತ್ರ ರೀತಿ ಬೆಳದಾವ) ಅಂತ ಬರದ್ರ ಬಹಳಷ್ಟು ಸಲ ತಗೀರಿ ಅಂತೀನಿ, ಯಾಕಂದ್ರ ಸೂಜಿಗೆ ಸಿಕ್ಕದ್ದು ಒಂದು ಎಳಿ, ಬಾಜುಕ ಕ್ಯಾನ್ಸರ್ ಇರಬಹುದು. ಪ್ಯಾಪಿಲೋಮಾ, ಅಂದ್ರ ಹಾಲಿನ ನಾಳದೊಳಗಿನ ಸಣ್ಣ ಗಂಟಿನೊಳಗ ಏಟಿಪಿಯಾ, ಅಂದ್ರ ಅಂಥಾ ವಿಚಿತ್ರ ಜೀವಕೋಶ ಇದ್ರೂ ಅಷ್ಟ, ತೊಟ್ಟಿನಿಂದ ರಕ್ತ ಸೋರ್ತಿದ್ರೂ ತಗೀತೀನಿ.

ಫೈಬ್ರೋಅಡಿನೋಮಾ, ಅಂದ್ರ ಕ್ಯಾನ್ಸರ್ ಅಲ್ಲದ ಸಾದಾ ಗಂಟಿನ ವಿಷಯದಾಗ ನಾನೂ ಒಂದು ತಪ್ಪು ಮಾಡೀನಿ. ಜಲ್ದಿ ಬೆಳದಿದ್ದ ದೊಡ್ಡ ಗಂಟು, ಸಣ್ಣ ಸೂಜಿಲೆ ಬರೇ ಜೀವಕೋಶ ಹೀರಿ ನೋಡೋ ಎಫ್‌ಎನ್‌ಎಸಿ ರಿಪೋರ್ಟ್ ನಂಬಿ ಸುಲದಂಗ ಬಿಡಿಸಿ ತಗದ್ನಿ, ಕಡೀಗೆ ಬಾರ್ಡರ್‌ಲೈನ್ ಫಿಲ್ಲೋಡ್ಸ್ (ಫೈಬ್ರೋಅಡಿನೋಮಾದಂಗ ಕಂಡ್ರೂ ಪೂರ್ತಿ ತೆಗೀದಿದ್ರ ಮತ್ತ ಬೆಳಿಬಹುದಾದ ಗಂಟು) ಅಂತ ಬಂತು, ಆ ತಾಯಿನ್ನ ಎರಡನೇ ಸಲ ಟೇಬಲ್ ಮ್ಯಾಲ ಮಲಗಿಸಿ ಸುತ್ತಲಿಂದೂ ತೆಗೀಬೇಕಾತು. ಫೈಬ್ರೋಅಡಿನೋಮಾ, ಫಿಲ್ಲೋಡ್ಸ್ ಇವೆರಡನ್ನ ಬ್ಯಾರೆ ಮಾಡಿ ಹೇಳೂದು ಎಫ್‌ಎನ್‌ಎಸಿ ಕೈಲೆ ಆಗೂದಿಲ್ಲ, ದಪ್ಪ ಸೂಜಿಲೆ ತುಂಡು ತಗಿಯೋ ಕೋರ್ ಬಯಾಪ್ಸಿಗೂ ಒಮ್ಮೊಮ್ಮೆ ಕಷ್ಟ. ಅವತ್ತಿನಿಂದ ಬೆಳಿಯೋ ಗಂಟಿದ್ರ ಮೊದ್ಲ ಕೋರ್ ಬಯಾಪ್ಸಿ.

ಹಂಗಂತ ಎಲ್ಲಾನೂ ಕೊಯ್ಯೂದಲ್ರಿ. ಇಂಡಿ ಕಡಿ ಹುಡುಗಿ, ಇಪ್ಪತ್ತೆರಡು ವರ್ಷ, 2 ಸೆಂಟಿಮೀಟರ್ ಗಂಟು ಬೆರಳಿಗೆ ಸಿಗದಂಗ ಜಾರ್ತಿತ್ತು, ಮೂರೂ ಟೆಸ್ಟ್ ಫೈಬ್ರೋಅಡಿನೋಮಾ ಅಂದ್ವು. ಅವರವ್ವ "ಮದುವಿ ಗೊತ್ತಾಗೇತ್ರಿ ಸರ, ಬೀಗರಿಗೆ ಗೊತ್ತಾಗೂದ್ರಾಗ ತಗೀರಿ" ಅಂತ ಕಣ್ಣೀರು ತಗದ್ರು. ಇದು ಕ್ಯಾನ್ಸರ್ ಆಗಿ ತಿರುಗೂದಲ್ಲ, 3 ಸೆಂಟಿಮೀಟರ್ ದಾಟಿದ್ರ ಇಲ್ಲಾ ಬೆಳದ್ರ ತಗಿಯೂಣು, ಈಗ ಕೊಯ್ದ್ರ ಕಲೆ ಒಂದು ಉಳಿತದ ಯವ್ವಾ ಅಂತ ಅರ್ಧ ತಾಸು ಕುಂತು ಹೇಳಿದೆ. ಹುಡುಗಿನ್ನೂ ಕೇಳಿದೆ, ಅಕಿ "ಬ್ಯಾಡ್ರಿ" ಅಂದ್ಲು.

ಕಾಯೂದಂದ್ರ ಮತ್ತ ಬರೋರಿಗೆ ಮಾತ್ರ. ದುಡಿಯಾಕ ಪುಣೆ, ಗೋವಾ ಕಡೆ ಹೋಗೋರಿಗೆ ಆರು ತಿಂಗಳಿಗೆ ಸ್ಕ್ಯಾನ್ ಆಗೂದು ಅನುಮಾನ ಇದ್ರ, ಅದನ್ನೂ ಅವರ ಮುಂದಿಟ್ಟು ನಿರ್ಧಾರ ಮಾಡ್ತೀನಿ. ಈ ಹುಡುಗಿ ನಂಬರ್ ಡೈರಿಯೊಳಗ ಬರಕೊಂಡು ಫೋನ್ ಮಾಡಿಸಿದ್ದೆ, ಮದುವಿ ಆದ ಮ್ಯಾಲ ಗಂಡನ್ನ ಕರ್ಕೊಂಡ ಬಂದ್ಲು, ಗಂಟು ಅಷ್ಟ ಇತ್ತು.